ವಯಸ್ಸಾಗೇತಿ, ಇನ್ನ ಯಾಕ ಕೊಯ್ಸೋದು?

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಗಲಗಲಿ. ಬಾಗಲಕೋಟೆ ಜಿಲ್ಲೆ, ಬೀಳಗಿ ತಾಲೂಕು, ಕೃಷ್ಣೆಯ ದಂಡೆ. ಗಾಲವ ಋಷಿ ತಪಸ್ಸು ಮಾಡಿದ ಜಾಗ ಅಂತ ಹಿರಿಯರು ಹೇಳುವ ಊರು. ಪಂಢರಿನಾಥಾಚಾರ್ಯ ಗಲಗಲಿ ಅವರ ಹೆಸರು ಕೇಳಿದವರಿಗೆ ಊರಿನ ಹೆಸರೂ ಗೊತ್ತಿರುತ್ತದೆ.

ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಮಾತು ಬಂತು. ಆಚೆ ಓಣಿಯ ಅಜ್ಜ ಒಬ್ಬರು ಬಚ್ಚಲಲ್ಲಿ ಬಿದ್ದು ಟೊಂಕ ಮುರಿದುಕೊಂಡಿದ್ದಾರೆ, ಏಳು ದಿನ ಆಯಿತು, ಪಡಸಾಲೆಯಲ್ಲಿ ಮಲಗಿಸಿದ್ದಾರೆ ಅಂತ.

"ದವಾಖಾನಿಗೆ ಒಯ್ದಿಲ್ಲೇನ್ರೀ ಕಾಕಾ?" ಅಂದೆ.

"ಎಂಬತ್ತರ ಮ್ಯಾಲಾತು ತಮ್ಮಾ. ವಯಸ್ಸಾಗೇತಿ, ಇನ್ನ ಯಾಕ ಕೊಯ್ಸೋದು? ಇದ್ದಷ್ಟ ದಿನ ಇರತಾನ ಬಿಡು."

ಹೇಳಿದವರು ಕೆಟ್ಟವರಲ್ಲ. ಅದೇ ಅಜ್ಜನಿಗೆ ದಿನಾ ಹೋಗಿ ಎಲೆಅಡಿಕೆ ಕೊಟ್ಟು, ಹೊತ್ತು ಕಳೆದು ಬರುವವರು. ಆ ಮಾತಿನಲ್ಲಿ ಕರುಣೆಯೇ ಇತ್ತು. ಈ ವಯಸ್ಸಿನಲ್ಲಿ ಮುದುಕನನ್ನು ಕತ್ತರಿ ಚಾಕುವಿನ ಕೈಗೆ ಯಾಕೆ ಕೊಡಬೇಕು ಎನ್ನುವ ಕರುಣೆ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಯಾಕೆಂದರೆ ಇದೇ ಮಾತನ್ನು ನಾನು ನಮ್ಮ ಮನೆಯಲ್ಲಿ ಕೇಳಿದ್ದೇನೆ. ಕೇಳಿ ತಲೆ ಆಡಿಸಿದ್ದೇನೆ. ಅದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

*

2010ರ ದೀಪಾವಳಿ ಮುಗಿದು ಒಂದು ವಾರ ಆಗಿತ್ತು. ನಮ್ಮ ಆಯಿಗೆ ಆಗ ಎಪ್ಪತ್ತೆಂಟು. ದಿನಾ ತಾನೇ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ನಸುಕಿನಲ್ಲಿ ಹಿತ್ತಲಿಗೆ ಹೊರಟವಳು ಹೊಸ್ತಿಲು ಎಡವಿ ಪರಸಿಯ ಮೇಲೆ ಬಿದ್ದಳು. ಕಾಕಾ ಎತ್ತಿ ತಂದು ಕೌದಿಯ ಮೇಲೆ ಮಲಗಿಸಿದರು. ಬಲಗಾಲು ಎಡಗಾಲಿಗಿಂತ ಗಿಡ್ಡ ಕಾಣುತ್ತಿತ್ತಂತೆ, ಪಾದ ಹೊರಗಡೆ ತಿರುಗಿ ಬಿದ್ದಿತ್ತಂತೆ. ಮನೆಯವರೆಲ್ಲ ನೋಡಿದರು. ಅದರ ಅರ್ಥ ಯಾರಿಗೂ ಗೊತ್ತಾಗಲಿಲ್ಲ.

ಮೊದಲ ದಿನ ಎಣ್ಣೆ ಹಚ್ಚಿ ತಿಕ್ಕಿದರು. ಎರಡನೇ ದಿನ ಎಲುಬು ಕಟ್ಟುವವರನ್ನು ಕರೆಸಿ ಬಿದಿರಿನ ದಬ್ಬೆ ಇಟ್ಟು ಕಟ್ಟಿಸಿದರು. ಆಯಿಯ ಚೀರಾಟ ಮೂರು ಮನೆಯ ಆಚೆ ಕೇಳಿತಂತೆ. ನಾಲ್ಕನೇ ದಿನ ಪಟ್ಟಣಕ್ಕೆ ಒಯ್ದು ಎಕ್ಸ್‌ರೇ ತೆಗೆಸಿದರು. ಅಲ್ಲಿನ ಡಾಕ್ಟರು, "ಆಪರೇಷನ್ ಮಾಡಬಹುದು, ಆದರ ವಯಸ್ಸಾಗೇದ, ಗ್ಯಾರಂಟಿ ಕೊಡಾಕ ಬರೂದಿಲ್ಲ. ಮನಿಯವರು ಕೂಡಿ ವಿಚಾರ ಮಾಡಿ ಹೇಳ್ರಿ" ಅಂದರು.

ಕಾಕಾ ಬೆಂಗಳೂರಿಗೆ ನನಗೆ ಫೋನ್ ಮಾಡಿದರು. ಮನೆಯಲ್ಲಿ ಓದಿಕೊಂಡವನು ನಾನೊಬ್ಬನೇ. ನಾನು ಆಫೀಸಿನ ಕಾರಿಡಾರಿನಲ್ಲಿ ನಿಂತು, ಬಹಳ ಜವಾಬ್ದಾರಿಯ ದನಿಯಲ್ಲಿ ಹೇಳಿದೆ:

"ನಾ ಬರೂತನಕಾ ಏನೂ ಮಾಡಬ್ಯಾಡ್ರಿ ಕಾಕಾ."

ನಾನು ಹೋಗಿ ಮುಟ್ಟಿದ್ದು ಏಳನೇ ದಿನ. ಪಡಸಾಲೆಯಲ್ಲಿ ಎಲ್ಲರೂ ಕೂತರು. ಆ ಮಾತು ಬಂತು. ವಯಸ್ಸಾಗೇತಿ, ಇನ್ನ ಯಾಕ ಕೊಯ್ಸೋದು. ನಾನು ತಲೆ ಆಡಿಸಿದೆ. ಮಂಚ ತಂದು, ಕಾಲಿಗೆ ಪಟ್ಟಿ ಸುತ್ತಿ, ಎರಡು ಇಟ್ಟಂಗಿ ತೂಗುಬಿಟ್ಟರು. ನಾನು ಬೆಂಗಳೂರಿಗೆ ಮರಳಿದೆ. ಮೂರನೇ ವಾರಕ್ಕೆ ಬೆನ್ನಲ್ಲಿ ಹುಣ್ಣಾಯಿತು. ಆಮೇಲೆ ರಾತ್ರಿಯೆಲ್ಲ ಬಡಬಡಿಸಲು ಶುರು ಮಾಡಿದಳು, ಸತ್ತು ಹೋದ ತಮ್ಮನನ್ನು ಕರೆಯುತ್ತಿದ್ದಳು. "ಹಿರ್ಯಾರು ಕರಿಯಾಕ ಬಂದಾರ" ಅಂದರು. ಕೊನೆಗೆ ಕೆಮ್ಮು, ಕಫ, ಉಸಿರಿನ ಗೊರಗೊರ. ನಲವತ್ತೊಂದನೇ ದಿನ ಹೋದಳು.

ಮಣ್ಣಿಗೆ ಬಂದವರೆಲ್ಲ "ವಯಸ್ಸಾಗಿತ್ತು" ಅಂದರು. ನಾನೂ ಹಾಗೇ ನಂಬಿಕೊಂಡೆ. ನಂಬಿಕೊಂಡರೆ ಅನುಕೂಲವಿತ್ತು ನೋಡಿ.

*

ನಾನು ಡಾಕ್ಟರಲ್ಲ. ಆದರೆ ಆಮೇಲೆ ಈ ವಿಷಯವನ್ನು ಸಿಕ್ಕಲ್ಲೆಲ್ಲ ಓದಿದ್ದೇನೆ, ಗೆಳೆಯರಾದ ಡಾಕ್ಟರುಗಳ ತಲೆ ತಿಂದಿದ್ದೇನೆ. ತಿಳಿದದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ಮೊದಲನೆಯದು, ನಾವು ಇದಕ್ಕೆ ಇಟ್ಟ ಹೆಸರೇ ದಾರಿ ತಪ್ಪಿಸುತ್ತದೆ. "ಟೊಂಕ ಮುರೀತು" ಅನ್ನುತ್ತೇವೆ. ಟೊಂಕ ಅಂದ ಕೂಡಲೇ ನಮಗೆ ನೆನಪಾಗುವುದು ಹೊಲದ ಕೆಲಸ ಮಾಡಿ ಬರುವ ಟೊಂಕನೋವು. ಅದಕ್ಕೆ ಎಣ್ಣೆ, ಶಾಖ, ತಿಕ್ಕುವುದು. ಇಲ್ಲಿ ಮುರಿದಿರುವುದು ಟೊಂಕವೇ ಅಲ್ಲ, ತೊಡೆಯ ಎಲುಬಿನ ಮೇಲಿನ ತುದಿ. ತೊಡೆ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಅದು ಸೊಂಟದ ಬಟ್ಟಲಲ್ಲಿ ಕೂತು ತಿರುಗುತ್ತದೆ. ಗುಂಡಿನ ಕೆಳಗೆ ಸಣ್ಣ ಕುತ್ತಿಗೆ. ವಯಸ್ಸಾದವರಲ್ಲಿ ಮುರಿಯುವುದು ಒಂದೋ ಈ ಕುತ್ತಿಗೆ, ಇಲ್ಲವೇ ಅದರ ಕೆಳಗಿನ ದಪ್ಪ ಭಾಗ.

ಕುತ್ತಿಗೆ ಮುರಿದು ಸರಿದರೆ ಗುಂಡಿಗೆ ಹೋಗುವ ರಕ್ತವೇ ಕಡಿಯಬಹುದು. ನೀವು ಎಷ್ಟು ಗಟ್ಟಿಯಾಗಿ ದಬ್ಬೆ ಕಟ್ಟಿದರೂ ಅದು ಕೂಡುವುದು ಕಷ್ಟ. ಅದಕ್ಕೇ ವಯಸ್ಸಾದವರಿಗೆ ಹೆಚ್ಚಾಗಿ ಆ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸುತ್ತಾರೆ. ಕೆಳಗಿನ ಭಾಗ ಮುರಿದರೆ ರಾಡು ಅಥವಾ ಪ್ಲೇಟು ಹಾಕಿ ಸ್ಕ್ರೂ ಬಿಗಿಯುತ್ತಾರೆ. ಈ ಭಾಗಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಆಪರೇಷನ್ ಇಲ್ಲದೆಯೂ ಎಲುಬು ಕೂಡಬಹುದು. ಎಲುಬು ಕಟ್ಟುವವರ ಹೆಸರು ಉಳಿದಿರುವುದು ಇಂಥ ಕೇಸುಗಳಿಂದಲೇ ಇರಬೇಕು. ಆದರೆ ಕೂಡಲು ಎರಡು ಮೂರು ತಿಂಗಳು ಮಲಗಬೇಕು, ಕೂಡಿದರೂ ಕಾಲು ಗಿಡ್ಡಾಗಿ, ಸೊಟ್ಟಾಗಿ ಕೂಡುತ್ತದೆ.

ಆ ಎರಡು ಮೂರು ತಿಂಗಳು ಮಲಗುವುದೇ ಇಲ್ಲಿ ಕೊಲ್ಲುವುದು. ಹುಡುಗನ ಕಾಲು ಮುರಿದರೆ ಮೂರು ತಿಂಗಳು ಮಲಗಿ ಏಳುತ್ತಾನೆ. ಎಪ್ಪತ್ತೆಂಟರ ಆಯಿ ಮಲಗಿದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೇರುತ್ತದೆ. ಮೂತ್ರದ ಸೋಂಕು, ಬೆನ್ನಿನ ಹುಣ್ಣು. ನೋವಿಗೆ ಊಟ ಬಿಡುತ್ತಾರೆ, ಮೈಯಲ್ಲಿದ್ದ ಸ್ವಲ್ಪ ಮಾಂಸಖಂಡವೂ ವಾರ ವಾರಕ್ಕೆ ಕರಗುತ್ತದೆ. ಬಡಬಡಿಸುವುದೂ ಹಿರಿಯರು ಕರೆಯುವುದಲ್ಲ. ನೋವು, ಸೋಂಕು, ನೀರು ಕಡಿಮೆಯಾಗುವುದು, ನಿದ್ದೆ ಇಲ್ಲದಿರುವುದು ಎಲ್ಲ ಸೇರಿ ವಯಸ್ಸಾದವರ ಮಿದುಳಿಗೆ ಬರುವ ಒಂದು ತಾತ್ಕಾಲಿಕ ಗೊಂದಲ. ಬಹಳ ಸಲ ಕಾರಣ ಹುಡುಕಿ ಸರಿಪಡಿಸಬಹುದು. ಇದನ್ನು ಓದಿದ ದಿನ ನಾನು ಕಂಪ್ಯೂಟರ್ ಆಫ್ ಮಾಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾದರೆ ಆಪರೇಷನ್ ಯಾತಕ್ಕೆ? ಎಲುಬು ಚೆಂದ ಕೂಡಿಸುವುದಕ್ಕಲ್ಲ. ಮೊದಲು ನೋವು ಇಳಿಸುವುದಕ್ಕೆ, ಆಮೇಲೆ ಮನುಷ್ಯನನ್ನು ಮರುದಿನವೇ ಹಾಸಿಗೆಯಿಂದ ಎಬ್ಬಿಸುವುದಕ್ಕೆ. ಅಂದರೆ "ವಯಸ್ಸಾಗೇತಿ, ಇನ್ನ ಯಾಕ ಕೊಯ್ಸೋದು" ಅನ್ನುವ ಮಾತು ತಲೆಕೆಳಗಾಗಿದೆ. ವಯಸ್ಸಾಗಿದೆ ಎಂಬುದೇ ಬೇಗ ಮಾಡಿಸಲು ಕಾರಣ. ಮಲಗಿ ತಡೆದುಕೊಳ್ಳುವ ಶಕ್ತಿ ಇಲ್ಲದಿರುವುದು ಅವರಿಗೇ.

*

ವಯಸ್ಸಿನ ಮಾತು ಬಂದಿದ್ದಕ್ಕೆ ಎರಡು ಉದಾಹರಣೆ.

ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ತಾಯಿ, ಕ್ವೀನ್ ಮದರ್ ಅಂತ ಕರೆಯುತ್ತಿದ್ದರಲ್ಲ, ಆಕೆ 1998ರ ಜನವರಿಯಲ್ಲಿ ಬಿದ್ದು ಇದೇ ಎಲುಬು ಮುರಿದುಕೊಂಡರು. ಆಗ ಅವರಿಗೆ 97. ಕೀಲು ಬದಲಿಸಿದರು. ಆಮೇಲೆ ನಾಲ್ಕು ವರ್ಷ ಬದುಕಿದ್ದು 2002ರ ಮಾರ್ಚಿನಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಅದು ರಾಜಮನೆತನದ ಮಾತಾಯಿತು ಅನ್ನುತ್ತೀರಾ? ಪಕ್ಕದ ತೆಲಂಗಾಣ ನೋಡಿ. 2023ರ ಡಿಸೆಂಬರಿನಲ್ಲಿ ಚುನಾವಣೆ ಸೋತು ಮುಖ್ಯಮಂತ್ರಿ ಪದವಿ ಬಿಟ್ಟ ಕೆ. ಚಂದ್ರಶೇಖರ ರಾವ್ ಕೆಲವೇ ದಿನಗಳಲ್ಲಿ ತೋಟದ ಮನೆಯಲ್ಲಿ ರಾತ್ರಿ ಬಿದ್ದರು. ಹೈದರಾಬಾದಿಗೆ ಒಯ್ದು ಮರುದಿನವೇ ಕೀಲು ಬದಲಿಸಿದರು. ಅದರ ಮರುದಿನ ವಾಕರ್ ಹಿಡಿದು ನಡೆಯುತ್ತಿದ್ದ ವಿಡಿಯೋ ಎಲ್ಲ ಟಿವಿಯಲ್ಲೂ ಬಂತು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. "ವಯಸ್ಸಾಗೇತಿ" ಅಂತ ಯಾರೂ ಅನ್ನಲಿಲ್ಲ. ದೊಡ್ಡವರಿಗೆ ಒಂದು ದಿನದಲ್ಲಿ ಸಿಗುವುದು ನಮ್ಮ ಆಯಿ ಮುತ್ಯಾರಿಗೆ ಹತ್ತು ದಿನವಾದರೂ ಸಿಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಸರ್ಕಾರ ಮನಸ್ಸು ಮಾಡಿದರೆ ಸಾಮಾನ್ಯ ಜನರಿಗೂ ಇದು ಸಾಧ್ಯ ಎನ್ನುವುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅವರು 2007ರಲ್ಲಿ ಒಂದು ಲೆಕ್ಕದ ವಹಿ ತೆರೆದರು. ಈ ಎಲುಬು ಮುರಿದು ಬಂದ ಪ್ರತಿ ವೃದ್ಧರ ವಿವರ ಅದರಲ್ಲಿ ಬರೆಯಬೇಕು. ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಆಪರೇಷನ್ ಆಯಿತು, ತಿಂಗಳಾದ ಮೇಲೆ ಹೇಗಿದ್ದಾರೆ ಇತ್ಯಾದಿ. 2010ರಲ್ಲಿ ಅದಕ್ಕೆ ದುಡ್ಡನ್ನೂ ಗಂಟು ಹಾಕಿದರು. 36 ಗಂಟೆಯೊಳಗೆ ಆಪರೇಷನ್ ಆಗಿ, ಎಲುಬಿನ ಡಾಕ್ಟರ ಜೊತೆಗೆ ವೃದ್ಧರ ಕಾಯಿಲೆಯ ಡಾಕ್ಟರೂ ನೋಡಿಕೊಂಡರೆ ಮಾತ್ರ ಆಸ್ಪತ್ರೆಗೆ ಹೆಚ್ಚಿನ ಹಣ. ಇಂಗ್ಲೆಂಡಿನಲ್ಲಿ ಮೂವತ್ತು ದಿನದೊಳಗೆ ಸಾಯುವವರ ಪ್ರಮಾಣ 2007ರಲ್ಲಿ ನೂರಕ್ಕೆ 10.9 ಇದ್ದದ್ದು 2011ಕ್ಕೆ 8.5ಕ್ಕೆ ಇಳಿಯಿತು. ಹೊಸ ಔಷಧ ಯಾವುದೂ ಬಂದಿರಲಿಲ್ಲ. ಲೆಕ್ಕ ಇಟ್ಟರು, ಎರಡು ಬಗೆಯ ಡಾಕ್ಟರುಗಳನ್ನು ಒಂದೇ ರೋಗಿಯ ಮುಂದೆ ನಿಲ್ಲಿಸಿದರು, ಅಷ್ಟೇ.

ಹಾಗಂತ ಗಡಿಯಾರ ಹಿಡಿದು ಓಡಬೇಕಾಗಿಲ್ಲ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 17 ದೇಶಗಳ 2,970 ರೋಗಿಗಳು, ಭಾರತವೂ ಅದರಲ್ಲಿತ್ತು. ಸುಮಾರು ಆರು ಗಂಟೆಯಲ್ಲಿ ಆಪರೇಷನ್ ಆದವರಿಗೂ ಸುಮಾರು ಇಪ್ಪತ್ನಾಲ್ಕು ಗಂಟೆಯಲ್ಲಿ ಆದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಬಡಬಡಿಸುವುದು ಕಡಿಮೆ ಇತ್ತು, ಬೇಗ ಎದ್ದು ನಿಂತರು. ಇದನ್ನು ಹಿಡಿದುಕೊಂಡು "ತಡ ಆದರೂ ನಡೀತೈತಿ" ಅನ್ನುವವರಿದ್ದಾರೆ. ಸ್ವಾಮಿ, ಅಲ್ಲಿನ ತಡ ಅಂದರೆ ಒಂದು ದಿನ! ನಮ್ಮ ಜಗಳ ಆರು ಗಂಟೆಗೂ ಇಪ್ಪತ್ನಾಲ್ಕು ಗಂಟೆಗೂ ಅಲ್ಲ. ಒಂದು ದಿನಕ್ಕೂ ಹತ್ತು ದಿನಕ್ಕೂ.

*

ನಮ್ಮ ಕಡೆ ಆ ಹತ್ತು ದಿನ ಎಲ್ಲಿ ಹೋಗುತ್ತದೆ? 2024ರ ಜನವರಿಯಲ್ಲಿ ರಬಕವಿಯ ನಮ್ಮ ದೊಡ್ಡವ್ವ ಬಿದ್ದಾಗ ಕಣ್ಣಾರೆ ನೋಡಿದೆ.

ನಸುಕಿನ ಐದಕ್ಕೆ ಅಣ್ಣನ ಫೋನ್. "ಅವ್ವ ಬಚ್ಚಲದಾಗ ಜಾರಿ ಬಿದ್ದಾಳ. ಎದ್ದ ನಿಂದ್ರಾಕ ಬರವಲ್ದು."

"ಪಾದ ಹೊರಗ ತಿರಗೇತೇನು ನೋಡು ಅಣ್ಣಾ. ಕಾಲ ಗಿಡ್ಡ ಕಾಣತೈತೇನು?"

"ಹೂಂ, ತಿರಗೇತಿ. ಗಿಡ್ಡೂ ಆಗೇತಿ."

"ತಿಕ್ಕಬ್ಯಾಡ್ರಿ, ಜಗ್ಗಬ್ಯಾಡ್ರಿ. ಎರಡೂ ಕಾಲ ನಡುವ ದಿಂಬ ಇಡ್ರಿ. ಗಾಡಿ ಮಾಡ್ರಿ. ನನ್ನ ಸಲುವಾಗಿ ಕಾಯಬ್ಯಾಡ್ರಿ."

ಮನೆಯಲ್ಲಿ ಅದೇ ಮಾತು ಯಾರೋ ತೆಗೆದರಂತೆ. ಅಣ್ಣ ಮಗ್ಗದ ಮನುಷ್ಯ, ಹೆಚ್ಚು ಮಾತಾಡುವವನಲ್ಲ. "ಮೊನ್ನೆ ಕೆಸಿಆರ್ ಬಿದ್ದಾಗ ಟಿವ್ಯಾಗ ನೋಡಿದ್ರಿಲ್ಲೋ? ಅವರ ಎಲಬ ಬ್ಯಾರೆ, ನಮ್ಮವ್ವನ ಎಲಬ ಬ್ಯಾರೆ ಏನು?" ಅಂದನಂತೆ. ಅಲ್ಲಿಗೆ ಬಾಯಿ ಮುಚ್ಚಿತು. ಹನ್ನೊಂದರೊಳಗೆ ದೊಡ್ಡಾಸ್ಪತ್ರೆಯಲ್ಲಿದ್ದರು.

ಮನೆಯವರ ತಡ ಹೀಗೆ ತಪ್ಪಿತು. ಆಸ್ಪತ್ರೆಯ ತಡ ಅಲ್ಲಿಂದ ಶುರು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಎಲ್ಲ ಕಡೆ ಇದೇ ಕಥೆ. ಫಿಟ್‌ನೆಸ್ ಬೇಕು. ಎಕೋ ಮಾಡುವವರು ಮಧ್ಯಾಹ್ನ ಬರುತ್ತಾರೆ. ಬಿಪಿ ಸ್ವಲ್ಪ ಜಾಸ್ತಿ ಇದೆ, ಇಳಿಯಲಿ. ಕಾರ್ಡಿನ ಕಾಗದ ಅಪ್‌ಲೋಡ್ ಆಗಿಲ್ಲ. ಬೆಳಿಗ್ಗೆಯಿಂದ ಒಂದು ಹನಿ ನೀರೂ ಕೊಡದೆ ಇಟ್ಟು ಸಂಜೆ ಐದಕ್ಕೆ "ಇವತ್ತ ಆಗೂದಿಲ್ಲ, ನಾಳೆ" ಅಂದರು. ಎಪ್ಪತ್ತಾರರ ಹೆಂಗಸು, ಮುರಿದ ಕಾಲು, ಹಸಿದ ಹೊಟ್ಟೆ. ನೋವಿಗೆ ಕೊಟ್ಟದ್ದು ಒಂದು ಸಣ್ಣ ಇಂಜೆಕ್ಷನ್. ತೊಡೆಯ ಸಂದಿಯಲ್ಲಿ ಸೂಜಿ ಕೊಟ್ಟು ಆ ಭಾಗದ ನರವನ್ನಷ್ಟೇ ಜೋಮು ಹಿಡಿಸುವ ವಿಧಾನ ಇದೆ. ಬೇರೆ ದೇಶಗಳಲ್ಲಿ ಎಷ್ಟೋ ಆಸ್ಪತ್ರೆಗಳು ಇದನ್ನು ತುರ್ತು ವಿಭಾಗದಲ್ಲೇ ಕೊಡುತ್ತವೆ. ನಮ್ಮಲ್ಲೂ ಅನಸ್ತೇಶಿಯಾ ಡಾಕ್ಟರುಗಳಿಗೆ ಬರುತ್ತದೆ. ಯಾರಾದರೂ ಕೇಳಬೇಕು. ಅಣ್ಣ ಕೇಳಿದ, ಕೊಟ್ಟರು. ದೊಡ್ಡವ್ವ ಆ ರಾತ್ರಿ ನಿದ್ದೆ ಮಾಡಿದಳು.

ಮರುದಿನ ಮಧ್ಯಾಹ್ನ ಬೆನ್ನಿಗೆ ಸೂಜಿ ಕೊಟ್ಟು ಆಪರೇಷನ್ ಆಯಿತು. ಅದರ ಮರುದಿನ ಬೆಳಿಗ್ಗೆ ಫಿಜಿಯೋ ಹುಡುಗಿ ಬಂದು ಎಬ್ಬಿಸಿ ನಿಲ್ಲಿಸಿದಳು. ದೊಡ್ಡವ್ವ ಅತ್ತಳು, ಆದರೂ ನಿಂತಳು. ಮನೆಗೆ ಬಂದ ಮೇಲೆ "ಹೊಲಿಗಿ ಬಿಚ್ಚೀತು, ಮಲಕೋಳ್ವಾ" ಅಂತ ಬಂದವರೆಲ್ಲ ಬುದ್ಧಿ ಹೇಳಿದರು. ವೈನಿ ಕೇಳಲಿಲ್ಲ, ದಿನಾ ನಡೆಸಿದಳು. ಆ ವೈನಿಗೆ ನಾನು ಕೈ ಮುಗಿಯುತ್ತೇನೆ.

ದೊಡ್ಡವ್ವ ಮೊದಲಿನಂತೆ ಆಗಲಿಲ್ಲ, ಅದನ್ನೂ ಹೇಳಬೇಕು. ನೆಲದ ಮೇಲೆ ಕೂಡಲು ಬರುವುದಿಲ್ಲ. ಮನೆಯೊಳಗೆ ವಾಕರ್ ಬೇಕು. ಜಾತ್ರೆ, ಬಸ್ಸು ಎಲ್ಲ ಮುಗಿಯಿತು. ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುತ್ತಾಳೆ, ಖುರ್ಚಿಯಲ್ಲಿ ಕೂತು ಕಾಯಿಪಲ್ಲೆ ಹೆಚ್ಚುತ್ತಾಳೆ, ಸೊಸೆಯ ಜೊತೆ ಜಗಳ ಆಡುತ್ತಾಳೆ. ಆಯಿಗೆ ಸಿಗದಿದ್ದದ್ದು ಇಷ್ಟೇ. ಇಷ್ಟೇ ಅಂದರೂ ಎಷ್ಟು ದೊಡ್ಡದು!

*

ಇನ್ನು ನೀವು ಕೇಳಬಹುದಾದ ಪ್ರಶ್ನೆಗಳಿಗೆ ಬರುತ್ತೇನೆ.

"ಆಪರೇಷನ್ ಮಾಡಿಸಿದರೆ ಗ್ಯಾರಂಟಿಯೇ?" ಇಲ್ಲ. ಒಳ್ಳೆಯ ಆಸ್ಪತ್ರೆಗಳ ಲೆಕ್ಕದಲ್ಲೂ ಈ ಎಲುಬು ಮುರಿದವರಲ್ಲಿ ಐವರಲ್ಲೊಬ್ಬರು, ಕೆಲವು ಕಡೆ ಹೆಚ್ಚುಕಡಿಮೆ ಮೂವರಲ್ಲೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಇದು ಹೃದಯಾಘಾತದಷ್ಟೇ ಗಂಭೀರ ಅಂತ ತಿಳಿದುಕೊಳ್ಳಿ. ಆದರೆ ಮಲಗಿಸಿದರೆ ಗ್ಯಾರಂಟಿ ಇದೆಯೇ ಅಂತ ನಾವು ಯಾರೂ ಕೇಳುವುದಿಲ್ಲ. ಡಾಕ್ಟರು "ಗ್ಯಾರಂಟಿ ಇಲ್ಲ" ಅಂದ ಕೂಡಲೇ ಹಿಂದೆ ಸರಿಯುತ್ತೇವೆ. ಎರಡೂ ದಾರಿಯ ಅಪಾಯವನ್ನು ಪಕ್ಕ ಪಕ್ಕ ಇಟ್ಟು ಹೇಳಿ ಅಂತ ಡಾಕ್ಟರನ್ನು ಕೇಳಬೇಕು. ಹೇಳುವುದು ಅವರ ಕರ್ತವ್ಯವೂ ಹೌದು.

"ಎಲ್ಲರಿಗೂ ಮಾಡಿಸಲೇಬೇಕೇ?" ಅದೂ ಇಲ್ಲ. ಮೊದಲೇ ಹಾಸಿಗೆ ಹಿಡಿದವರು, ಕೊನೆಯ ಹಂತದ ಕಾಯಿಲೆಯವರು, ಗುರುತು ಪರಿಚಯ ಮರೆತು ಬಹಳ ಬಡವಾದವರು ಇರುತ್ತಾರೆ. ನೆದರ್ಲೆಂಡ್ಸಿನಲ್ಲಿ ಆರೈಕೆ ಮನೆಗಳಲ್ಲಿದ್ದ ಇಂಥ ತೀರ ಬಳಲಿದ ವೃದ್ಧರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಮನೆಯವರು, ಡಾಕ್ಟರು ಕೂತು ಮಾತಾಡಿ ಆಪರೇಷನ್ ಬೇಡ ಅಂತ ನಿರ್ಧರಿಸಿ, ನೋವನ್ನು ಸರಿಯಾಗಿ ನೋಡಿಕೊಂಡರೆ ಉಳಿದ ದಿನಗಳ ನೆಮ್ಮದಿ ಆಪರೇಷನ್ ಆದವರಿಗಿಂತ ಕಡಿಮೆಯೇನೂ ಇರಲಿಲ್ಲ. ಗಮನಿಸಿ, ಅವರು ಕೂತು ನಿರ್ಧರಿಸಿದರು. ನೋವಿಗೆ ಸರಿಯಾದ ಔಷಧ ಕೊಟ್ಟರು. ನಾವು ನಿರ್ಧರಿಸುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತೇವೆ. ನಮ್ಮ ಆಯಿ ರೊಟ್ಟಿ ಬಡಿಯುತ್ತಿದ್ದವಳು. ಆಕೆಯನ್ನು ಯಾರೂ ಕೇಳಲೂ ಇಲ್ಲ, "ಆಯೀ, ನಿನಗ ಏನ್ ಅನಸ್ತೈತಿ?" ಅಂತ. ನಾನೂ ಕೇಳಲಿಲ್ಲ.

"ದುಡ್ಡು?" ಇದು ನಿಜವಾದ ಪ್ರಶ್ನೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಇದೆ, ಉಳಿದವರಿಗೆ ಪ್ಯಾಕೇಜಿನ ಶೇಕಡ 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಎಷ್ಟೋ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕು. ಆ ಕಾಗದಕ್ಕೆ ಓಡಾಡುವುದರಲ್ಲೇ ಎರಡು ದಿನ ಹೋಗುವುದುಂಟು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಮೊದಲ ಗಂಟೆಯಲ್ಲೇ ಅವರ ಹತ್ತಿರ ಹೋಗಿ. ರೇಷನ್ ಕಾರ್ಡು, ಆಧಾರ್ ಗಾಡಿಯಲ್ಲೇ ಇರಲಿ. ನಮ್ಮ ಜಿಲ್ಲೆಯವರಿಗೆ ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾಸ್ಪತ್ರೆ ಇದೆ. ಬಾಗಲಕೋಟೆ, ವಿಜಯಪುರಗಳಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳೂ ಇವೆ.

"ದೂರ" ಅನ್ನುವವರಿಗೆ ಒಂದು ಮಾತು. ನಮ್ಮ ಮುತ್ಯಾರ ಕಾಲದಲ್ಲಿ ಜಮಖಂಡಿ, ಬನಹಟ್ಟಿ ಕಡೆಯ ಜನ ದೊಡ್ಡ ಬ್ಯಾನಿ ಬಂದರೆ ಕುಡಚಿಗೆ ಹೋಗಿ ರೈಲು ಹಿಡಿದು ಮಿರಜಕ್ಕೆ ಹೋಗುತ್ತಿದ್ದರು. 1894ರಲ್ಲಿ ವಾನ್ಲೆಸ್ ಡಾಕ್ಟರು ಕಟ್ಟಿದ ಮಿಶನ್ ದವಾಖಾನೆಯ ಹೆಸರು ನಮ್ಮ ಹಳ್ಳಿಹಳ್ಳಿಗೆ ಗೊತ್ತಿತ್ತು. ಬುತ್ತಿ ಕಟ್ಟಿಕೊಂಡು, ಭಾಷೆ ಬೇರೆಯ ಊರಿಗೆ ಹೋಗಿ, ಹೊಟ್ಟೆ ಕೊಯ್ಸಿಕೊಂಡು ಬಂದ ಜನ ನಾವು. ಆಪರೇಷನ್ನಿಗೆ ಹೆದರುವ ಪೈಕಿ ಅಲ್ಲ. ಮುದುಕರ ಸಲುವಾಗಿ ಮಾತ್ರ ಯಾಕೋ ನಮಗೆ ದೂರ ಆಗುತ್ತದೆ.

*

ಇನ್ನೊಂದು ಮುಖ್ಯ ವಿಷಯವನ್ನು ಆಸ್ಪತ್ರೆಯಲ್ಲೂ ಮರೆಯುತ್ತಾರೆ. ಬಿದ್ದು ಎಲುಬು ಮುರಿಯಿತು ಅಂದರೆ ಎಲುಬು ಮೊದಲೇ ಟೊಳ್ಳಾಗಿತ್ತು ಅಂತ ಅರ್ಥ. ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಎಲುಬು ಹೀಗೆ ಮುರಿಯುವುದಿಲ್ಲ. ಡಾಕ್ಟರು ರಾಡು ಹಾಕಿ ಕಳಿಸುತ್ತಾರೆ, ಟೊಳ್ಳು ಹಾಗೇ ಉಳಿಯುತ್ತದೆ, ಮುಂದಿನ ವರ್ಷ ಇನ್ನೊಂದು ಕಾಲು. ಇದಕ್ಕೆ ಔಷಧ ಇದೆ. ಝೋಲೆಡ್ರಾನಿಕ್ ಆಸಿಡ್ ಅಂತ, ವರ್ಷಕ್ಕೊಂದು ಸಲ ನರದಲ್ಲಿ ಕೊಡುವ ಇಂಜೆಕ್ಷನ್. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಆಪರೇಷನ್ ಆದವರಿಗೆ ಅದನ್ನು ಕೊಟ್ಟಾಗ ಹೊಸದಾಗಿ ಎಲುಬು ಮುರಿಯುವುದು ಶೇಕಡ 35ರಷ್ಟು, ಸಾವು ಶೇಕಡ 28ರಷ್ಟು ಕಡಿಮೆಯಾಯಿತು. ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಯೇ ಕೊಡಬೇಕು, ಎಲ್ಲರಿಗೂ ಆಗುವುದಿಲ್ಲ. ಆದರೆ ಡಿಸ್ಚಾರ್ಜ್ ದಿನ "ಎಲುಬು ಗಟ್ಟಿ ಆಗಾಕ ಏನ್ ಕೊಡತೀರಿ?" ಅಂತ ಒಂದು ಮಾತು ಕೇಳಲು ಏನು ಕಷ್ಟ? ದೊಡ್ಡವ್ವನ ಚೀಟಿಯಲ್ಲಿ ಇರಲಿಲ್ಲ. ಅಣ್ಣ ಕೇಳಿದ ಮೇಲೆ ಬರೆದರು.

ಬೀಳದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ. ಬಚ್ಚಲಲ್ಲಿ ಹಿಡಿಯಲು ಒಂದು ಕಬ್ಬಿಣದ ಪೈಪು. ರಾತ್ರಿ ಉರಿಯುವ ಸಣ್ಣ ದೀಪ. ಕಣ್ಣಿನ ಪೊರೆ ತೆಗೆಸುವುದು. ಹೊಸ ಮನೆ ಕಟ್ಟುವಾಗ ಬಚ್ಚಲಿಗೂ ಮಿಂಚುವ ಟೈಲ್ಸ್ ಹಾಕಿಸುತ್ತೇವಲ್ಲ, ಅದೊಂದು ಬಿಡುವುದು.

ಸರ್ಕಾರದಿಂದ ನಾನು ಕೇಳುವುದೂ ದೊಡ್ಡದೇನಲ್ಲ. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಮಾಡಿದ್ದಾರೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ದೊಡ್ಡಾಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ಅಲ್ಲೇ ಇಂಜೆಕ್ಷನ್ ಕೊಡುತ್ತಾರೆ. ಒಳ್ಳೆಯ ಕೆಲಸ. ಅದೇ ದಾರಿಯಲ್ಲಿ ಬೀಳಗಿಯಲ್ಲಿ ತೆಗೆದ ಎಕ್ಸ್‌ರೇ ಹತ್ತು ನಿಮಿಷದಲ್ಲಿ ಬಾಗಲಕೋಟೆಗೆ ಹೋಗಲಿ, ನೋವಿನ ಸೂಜಿ ಇಲ್ಲೇ ಸಿಗಲಿ, ಗಾಡಿ ಹತ್ತುವ ಮೊದಲೇ ಅಲ್ಲಿ ಹಾಸಿಗೆ ಸಿದ್ಧವಿರಲಿ. 2008ರ ನವೆಂಬರಿನಿಂದ 108 ಇದೆ. ಪಾದ ಹೊರಗೆ ತಿರುಗಿ ಕಾಲು ಗಿಡ್ಡಾದರೆ ಏನರ್ಥ ಅಂತ ಆಶಾ ಕಾರ್ಯಕರ್ತೆಯರಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಮತ್ತೆ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಒಂದು ವಹಿ. ಬಂದ ಹೊತ್ತು, ಆಪರೇಷನ್ ಆದ ಹೊತ್ತು, ಎದ್ದು ನಿಂತ ದಿನ. ಇಷ್ಟು ಬರೆದಿಟ್ಟರೆ ಸಾಕು, ಎಲ್ಲಿ ಎಷ್ಟು ದಿನ ಸೋರುತ್ತಿದೆ ಅಂತ ತಾನಾಗಿ ಕಾಣುತ್ತದೆ.

*

ಯುಗಾದಿಯ ಆ ಸಂಜೆಗೆ ಮರಳುತ್ತೇನೆ. ಕಟ್ಟೆಯಿಂದ ಎದ್ದು ಆ ಅಜ್ಜನ ಮನೆಗೆ ಹೋದೆ. ಮೊದಲು ಅಜ್ಜನನ್ನೇ ಕೇಳಿದೆ, ಮಗನನ್ನಲ್ಲ. "ಬ್ಯಾನಿ ತಡಕೊಳ್ಳಾಕ ಆಗವಲ್ದು ತಮ್ಮಾ, ಏನರ ಮಾಡ್ರಿ" ಅಂದರು. ಮಗ ಅಲ್ಲೇ ನಿಂತಿದ್ದ. ಮರುದಿನ ಒಯ್ದರು. ಬಿದ್ದ ಹತ್ತನೇ ದಿನ ಆಪರೇಷನ್ ಆಯಿತು. ತಡವೇ. ಅವರು ಮೊದಲಿನಂತೆ ನಡೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನೋವು ಇಳಿದಿದೆ, ಕೂಡುತ್ತಾರೆ ಅಂತ ಕಾಕಾ ಫೋನಿನಲ್ಲಿ ಹೇಳಿದರು.

ಇದನ್ನು ಓದುವ ನೀವು ಬಹಳ ಜನ ನನ್ನ ಹಾಗೆ ಊರು ಬಿಟ್ಟು ಬೆಂಗಳೂರು, ಪುಣೆ, ಅಮೆರಿಕ ಅಂತ ಕೂತವರು. ಊರಲ್ಲಿ ಅಪ್ಪ ಅವ್ವ ಇದ್ದಾರೆ. ಒಂದಲ್ಲ ಒಂದು ದಿನ ನಸುಕಿನಲ್ಲಿ ನಿಮಗೂ ಇಂಥ ಫೋನ್ ಬರಬಹುದು. ಆ ಫೋನಿನಲ್ಲಿ ನೀವು ಆಡುವ ಮೊದಲ ಮಾತಿಗೆ ಬಹಳ ಬೆಲೆ ಇರುತ್ತದೆ, ಯಾಕೆಂದರೆ ಊರಿನವರು ಓದಿಕೊಂಡ ಮಗನ ಮಾತಿಗೆ ಕಾಯುತ್ತಾರೆ. ನಾನು ಆಡಿದ ಮಾತು ನನ್ನ ಆಯಿಗೆ ಮೂರು ದಿನ ಕಳೆಯಿತು, ಆಮೇಲೆ ತಲೆ ಆಡಿಸಿದ್ದು ಉಳಿದದ್ದನ್ನೂ ಕಳೆಯಿತು.

ನೀವು ಆ ತಪ್ಪು ಮಾಡಬೇಡಿ. "ನಾ ಬರೂತನಕಾ ಕಾಯಬ್ಯಾಡ್ರಿ, ಈಗ ಹೊರಡ್ರಿ" ಅನ್ನಿ. ನೀವು ಆಮೇಲೆ ಬಸ್ಸು ಹತ್ತಿದರಾಯಿತು.

ನಿಮ್ಮ ಮನೆಗಳಲ್ಲಿ ಇಂಥದ್ದು ಆಗಿದ್ದರೆ, ಎಷ್ಟು ದಿನಕ್ಕೆ ಆಪರೇಷನ್ ಆಯಿತು, ಎಲ್ಲಿ ತಡವಾಯಿತು, ಈಗ ಹೇಗಿದ್ದಾರೆ ಅಂತ ಬರೆಯಿರಿ. ಸರ್ಕಾರ ವಹಿ ತೆರೆಯುವವರೆಗೆ ನಾವೇ ಒಂದು ಸಣ್ಣ ಲೆಕ್ಕ ಇಡೋಣ.